ತೊಟ್ಟಿಲ ಪಕ್ಕದ ಜೇಡ: ಬೆಟಗೇರಿಯ ಒಂದು ಮನೆಯ ಪ್ರಕರಣ

(ಗುರುತು ಸಿಗಬಾರದೆಂದು ಓಣಿ, ವಾರ ಮತ್ತು ಮನೆಮಂದಿಯ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಮನೆ, ಮಂದಿ

ಗದಗ-ಬೆಟಗೇರಿಯ ನೇಕಾರರ ಓಣಿಯೊಂದರ ಹಳೆಯ ಮನೆ. ಮುಂದಿನ ಪಡಸಾಲೆಗೆ ಮಣ್ಣಿನ ಮಾಳಿಗೆ, ಕಟ್ಟಿಗೆಯ ಜಂತಿ. ಹಿಂದಿನ ಎರಡು ಕೋಣೆಗಳಿಗೆ ಈಚೆಗೆ ಹಾಕಿಸಿದ ಆರ್‌ಸಿಸಿ. ಪಡಸಾಲೆಯ ಮೂಲೆಯಲ್ಲಿ ಕುಣಿಮಗ್ಗವಿದೆ, ನೆಲದ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುವಂಥದ್ದು. ನೇಯುವವರಿಲ್ಲದೆ ಆರು ವರ್ಷ ಆಯಿತು. ಕುಣಿಗೆ ಹಲಗೆ ಮುಚ್ಚಿ ಮೇಲೆ ಜೋಳದ ಚೀಲ ಪೇರಿಸಿದ್ದಾರೆ. ಅದೇ ಪಡಸಾಲೆಯ ಜಂತಿಗೆ ತೊಟ್ಟಿಲು ತೂಗುಹಾಕಿತ್ತು. ತೊಟ್ಟಿಲ ಒಂದು ಬದಿ ಗೋಡೆಗೆ ತಾಗುತ್ತಿತ್ತು, ಅದರ ನೆತ್ತಿಯ ಮೇಲೆ ಬಿಳಿ ಟ್ಯೂಬ್‌ಲೈಟು.

ಮನೆಯಲ್ಲಿ ಅಜ್ಜ, ಅಜ್ಜಿ, ಮಗ, ಸೊಸೆ, ನಾಲ್ಕು ವರ್ಷದ ಹುಡುಗ ಮತ್ತು ಹದಿನಾಲ್ಕು ತಿಂಗಳ ಹೆಣ್ಣು ಕೂಸು. ಕೂಸಿನ ತೂಕ 9 ಕೆಜಿ. ಕಂಡದ್ದನ್ನು ಹಿಡಿದು ಬಾಯಿಗೆ ಒಯ್ಯುವ ವಯಸ್ಸು. ಊರಾಚೆ ಎರಡು ಎಕರೆ ಹೊಲವಿದ್ದು ಅಜ್ಜನೇ ನೋಡಿಕೊಳ್ಳುತ್ತಾರೆ. ಈ ಹೊಲದ ಮಾತು ಮುಂದೆ ಬರುತ್ತದೆ.

ಮೊದಲ ರಾತ್ರಿ

ಸೆಪ್ಟೆಂಬರ್ ಕೊನೆ, ಮಳೆ ಬಿಟ್ಟು ಎರಡು ದಿನ. ರಾತ್ರಿ ಹತ್ತರ ಸುಮಾರಿಗೆ ಸೊಸೆ ತೊಟ್ಟಿಲ ಹಿಂದಿನ ಗೋಡೆಯ ಮೇಲೆ ಅಂಗೈ ಅಗಲದ ಜೇಡ ಕಂಡರು. ಹೊಟ್ಟೆಯಡಿ ಬಿಳಿ ನಾಣ್ಯದಂಥದ್ದೇನನ್ನೋ ಹಿಡಿದುಕೊಂಡಿತ್ತು. ಕಸಬರಿಗೆ ತರುವಷ್ಟರಲ್ಲಿ ಅಡ್ಡಡ್ಡ ಓಡಿ ಜಂತಿಯ ಸಂದಿ ಸೇರಿತು. ಆಕೆ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟರು. ಫೋಟೋ ಮಸುಕಾಗಿತ್ತು.

ಬೆಳಗ್ಗೆ ಆರಕ್ಕೆ ಕೂಸಿನ ಕುತ್ತಿಗೆಯ ಎಡಬದಿಯಲ್ಲಿ ಕೆಂಪು ಗೆರೆ, ಅದರ ಮೇಲೆ ಸಣ್ಣ ನೀರುಗುಳ್ಳೆಗಳ ಸಾಲು. ಅಜ್ಜಿ ನೋಡಿದವರೇ ಅಂದರು: "ಜ್ಯಾಡ ಉಚ್ಚಿ ಹೊಯ್ದೈತಿ. ಸುಣ್ಣಾ ಹಚ್ರಿ." ರಾತ್ರಿ ಜೇಡ ಕಂಡಿದೆ, ಬೆಳಗ್ಗೆ ಗುಳ್ಳೆ ಎದ್ದಿದೆ, ಎರಡಕ್ಕೂ ನಂಟು ಕಟ್ಟಲು ಯಾರಿಗೂ ಕಷ್ಟವಾಗಲಿಲ್ಲ. ಮುಂದಿನ ಹನ್ನೆರಡು ತಾಸಿನ ಪ್ರತಿ ನಿರ್ಧಾರವೂ ಈ ನಂಟಿನ ಮೇಲೆಯೇ ನಿಂತಿತು.

ಸುಣ್ಣ ಹಚ್ಚಿದ ಮೇಲೆ ಕೂಸಿನ ಅಳು ಹೆಚ್ಚಾಯಿತು. ಸುಣ್ಣ ಕ್ಷಾರ. ತುಂಬಿದ ಗುಳ್ಳೆಯ ತೊಗಲು ಮೊದಲೇ ತೆಳು, ಅದರ ಮೇಲೆ ಕ್ಷಾರ ಕೂತರೆ ಸುಟ್ಟ ಗಾಯದ ಮೇಲೆ ಇನ್ನೊಂದು ಸುಟ್ಟ ಗಾಯ.

ಎಣ್ಣಿ

ಮಧ್ಯಾಹ್ನ ಅಜ್ಜ ಹೊಲಕ್ಕೆ ತಂದು ಉಳಿದಿದ್ದ ಎಣ್ಣಿ ತೆಗೆದರು. ಈ ಕಡೆ ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ಎಣ್ಣಿ ಎಂದೇ ಹೆಸರು. ಬಾಟಲಿಯಲ್ಲಿದ್ದದ್ದು ಕ್ಲೋರ್‌ಪೈರಿಫಾಸ್ 20% ಇಸಿ (ನೀರಿಗೆ ಬೆರೆಸಿ ಹೊಡೆಯುವ ಗಾಢ ದ್ರಾವಣ). ಲೇಬಲ್ಲಿನ ಮೇಲೆ ಹಳದಿ ತ್ರಿಕೋನ. ತ್ರಿಕೋನದ ಬಣ್ಣ ವಿಷದ ಮಟ್ಟ ಹೇಳುತ್ತದೆ: ಕೆಂಪು ಅತಿ ಘೋರ, ಹಳದಿ ಅದರ ಕೆಳಗಿನದು, ಆಮೇಲೆ ನೀಲಿ, ಕೊನೆಗೆ ಹಸಿರು. ಒಂದು ಮುಚ್ಚಳದಷ್ಟನ್ನು ಅರ್ಧ ಕೊಡ ನೀರಿಗೆ ಬೆರೆಸಿ, ಕೈಪಂಪಿನಿಂದ ಗೋಡೆ, ಜಂತಿ, ತೊಟ್ಟಿಲ ಹಗ್ಗದವರೆಗೂ ಹೊಡೆದರು. ಬಾಗಿಲು ಮುಚ್ಚಿ ಒಂದೂವರೆ ತಾಸು ಬಿಟ್ಟು, ವಾಸನೆ ಕಡಿಮೆಯಾಯಿತೆಂದು ಕೂಸನ್ನು ಮತ್ತೆ ಅದೇ ತೊಟ್ಟಿಲಿಗೆ, ಅದೇ ಕೌದಿಯ ಮೇಲೆ ಮಲಗಿಸಿದರು.

ಇಲ್ಲಿ ತಪ್ಪಿದ್ದು ಒಂದೆರಡಲ್ಲ. ವಾಸನೆ ಹೋಯಿತು ಎಂದರೆ ಔಷಧ ಹೋಯಿತು ಎಂದಲ್ಲ. ಹೋಗುವುದು ಹೆಚ್ಚಾಗಿ ದ್ರಾವಕದ ವಾಸನೆ. ಹಳೆಯ ಹತ್ತಿ ಸೀರೆಗಳ ಕೌದಿ ಸಿಂಪಡಿಸಿದ್ದನ್ನೆಲ್ಲ ಹೀರಿಕೊಂಡಿತ್ತು. ಕೂಸಿನ ಕೆನ್ನೆ, ಅಂಗೈ, ಮೊಣಕಾಲು ಅದರ ಮೇಲೆ ಉಜ್ಜುತ್ತಿದ್ದವು, ಕೈ ಬಾಯಿಗೆ ಹೋಗುತ್ತಿತ್ತು. ಕುತ್ತಿಗೆಯಲ್ಲಿ ಒಡೆದ ಗುಳ್ಳೆ ಬೇರೆ. ಕ್ಲೋರ್‌ಪೈರಿಫಾಸ್ ದೇಹದೊಳಗೆ ಮಾರ್ಪಾಡಾದ ಮೇಲೆಯೇ ಪೂರ್ತಿ ವಿಷವಾಗುವುದರಿಂದ ಲಕ್ಷಣ ಕೂಡಲೇ ಕಾಣಬೇಕೆಂದೇನೂ ಇಲ್ಲ. ಅದರ ಮೇಲೆ, ಇಷ್ಟೆಲ್ಲ ಮಾಡಿದ್ದು ಯಾವ ಜೇಡಕ್ಕಾಗಿಯೋ ಅದು ಸಾಯಲೇ ಇಲ್ಲ. ಮರುದಿನ ಹಿಂದಿನ ಕೋಣೆಯ ಬಾಗಿಲ ಚೌಕಟ್ಟಿನ ಮೇಲೆ ನಾಣ್ಯದ ಸಮೇತ ಕೂತಿತ್ತು. ಉದ್ದ ಕಾಲುಗಳ ತುದಿಯ ಮೇಲೆ ನಡೆಯುವ ಜೇಡದ ಮೈ ಗೋಡೆಗೆ ತಾಗುವುದು ಕಡಿಮೆ; ನೇರ ಮೈಮೇಲೆ ಬೀಳದಿದ್ದರೆ ಗೋಡೆಗೆ ಹೊಡೆದ ಔಷಧ ಅದಕ್ಕೆ ಅಷ್ಟಾಗಿ ಹತ್ತುವುದಿಲ್ಲ. ಪಡಸಾಲೆಯಲ್ಲಿ ಸತ್ತುಬಿದ್ದದ್ದು ಜಿರಳೆಗಳು, ಮೂಲೆಯ ಬಲೆ ಜೇಡಗಳು ಮತ್ತು ಒಂದು ಹಲ್ಲಿ.

ಸಂಜೆ ಏಳಕ್ಕೆ ಕೂಸು ಜೊಲ್ಲು ಸುರಿಸತೊಡಗಿತು, ಎರಡು ಸಲ ವಾಂತಿ, ಭೇದಿ, ಮೈ ಬೆವರು. ಎಂಟಕ್ಕೆ ಆಸ್ಪತ್ರೆಯಲ್ಲಿದ್ದರು.

ಆಸ್ಪತ್ರೆಯಲ್ಲಿ ಮನೆಯವರು ಹೇಳಿದ ಮೊದಲ ಮಾತು, "ಜ್ಯಾಡ ಕಡದೈತ್ರಿ." ಡ್ಯೂಟಿ ವೈದ್ಯರು ಕಡಿತ ಹುಡುಕಿದರು. ಏನಾದರೂ ಹಚ್ಚಿದ್ದೀರಾ ಎಂದು ಕೇಳಿದ್ದಕ್ಕೆ, "ಸುಣ್ಣಾ ಹಚ್ಚೇವಿ, ಎಣ್ಣಿ ಹೊಡದೇವಿ" ಎಂದರು. ವೈದ್ಯರು ಮೈಸೂರು ಕಡೆಯವರು. ಎಣ್ಣೆ ಎಂದರೆ ಕೂಸಿಗೆ ತಿಕ್ಕಿದ ಕೊಬ್ಬರಿ ಎಣ್ಣೆಯೆಂದು ತಿಳಿದು ಮುಂದೆ ಹೋದರು. ಇಪ್ಪತ್ತು ನಿಮಿಷ ಹೀಗೆ ಕಳೆಯಿತು. ಟಾರ್ಚು ಹಾಕಿ ಕಣ್ಣು ನೋಡಿದಾಗ ಎರಡೂ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿದ್ದವು. ಇಂಥ ಕೀಟನಾಶಕ ಮೈಗೆ ಸೇರಿದ್ದರ ಗುರುತು ಅದು. ಪಕ್ಕದಲ್ಲಿದ್ದ ಹಿರಿಯ ನರ್ಸ್ ಊರಿನವರು, ಅವರು ಕೇಳಿದರು: "ಯಾವ ಎಣ್ಣಿ? ಹೊಲದ್ದೇನು? ಬಾಟ್ಲಿ ತಂದೀರೇನು?" ಮನೆಗೆ ಫೋನು ಹೋಗಿ ಬಾಟಲಿಯ ಫೋಟೋ ಬಂತು. ಪ್ರಕರಣ ತಿರುಗಿದ್ದು ಆ ಪ್ರಶ್ನೆಯಲ್ಲಿ.

ಬಟ್ಟೆ ಬಿಚ್ಚಿ, ಕೂದಲು, ಚರ್ಮದ ಮಡಿಕೆಗಳ ಸಮೇತ ಸೋಪು ನೀರಿನಲ್ಲಿ ತೊಳೆದರು. ಈ ವಿಷಕ್ಕೆ ಕೊಡುವ ಮದ್ದು ಅಟ್ರೋಪಿನ್ ಕೊಟ್ಟರು. ಎರಡು ರಾತ್ರಿ ಇಟ್ಟುಕೊಂಡು ಮೂರನೆಯ ದಿನ ಕಳಿಸಿದರು. ಒಳಗೆ ಸೇರಿದ ಪ್ರಮಾಣ ಕಡಿಮೆಯಿತ್ತು, ಕೂಸು ಚೇತರಿಸಿಕೊಂಡಿತು. ಇಂಥ ಸಂದರ್ಭಕ್ಕೆ 108 ಅಲ್ಲದೆ ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117 ಇದೆ. ಅಲ್ಲಿಯೂ ಮೊದಲು ಕೇಳುವುದು ಬಾಟಲಿಯಲ್ಲಿ ಏನಿತ್ತು ಎಂದೇ.

ಗುಳ್ಳೆ ಯಾರದು?

ಕೂಸು ಆಸ್ಪತ್ರೆಯಲ್ಲಿದ್ದಾಗಲೇ ಚರ್ಮವೈದ್ಯರು ಕುತ್ತಿಗೆ ನೋಡಿದರು. ಮೂರು ಸಂಗತಿ ಅವರ ಕಣ್ಣಿಗೆ ಬಿದ್ದವು. ಗುರುತು ಚುಕ್ಕೆಯಲ್ಲ, ಗೆರೆ. ಯಾರೋ ಕುಂಚದಿಂದ ಎಳೆದ ಹಾಗೆ. ಕುತ್ತಿಗೆಯ ಮಡಿಕೆಯ ಮೇಲಂಚಿನಲ್ಲಿ ಇದ್ದದ್ದೇ ಕೆಳ ಅಂಚಿನಲ್ಲೂ ಅಚ್ಚೊತ್ತಿತ್ತು, ಮಡಿಕೆ ಮುಚ್ಚಿದರೆ ಎರಡೂ ಒಂದಕ್ಕೊಂದು ಕೂಡುತ್ತಿದ್ದವು. ಮತ್ತು ತೊಟ್ಟಿಲು ಬಿಳಿ ದೀಪದ ಕೆಳಗಿತ್ತು.

ಇದು ಜೇಡದ ಕೆಲಸವಲ್ಲ. ಪೆಡೆರಸ್ ಎಂಬ ಸಣ್ಣ ದುಂಬಿಯದು. 7ರಿಂದ 10 ಮಿಮೀ ಉದ್ದ, ಇರುವೆಯಂತೆ ಸಪೂರ, ಮೈಮೇಲೆ ಕೇಸರಿ ಮತ್ತು ಕಪ್ಪು ಪಟ್ಟಿ. ಮಳೆಗಾಲದಲ್ಲಿ ಹಸಿ ಹೊಲದಿಂದ ದೀಪಕ್ಕೆ ಹಾರಿ ಬರುತ್ತದೆ. 2022ರ ಜುಲೈನಲ್ಲಿ ಸಿಕ್ಕಿಂನ ವಿದ್ಯಾರ್ಥಿಗಳಲ್ಲಿ ಗುಳ್ಳೆ ಎದ್ದು ‘ನೈರೋಬಿ ನೊಣ’ ಎಂದು ಸುದ್ದಿಯಾದದ್ದು ಇದೇ ಗುಂಪಿನ ಹುಳ. ಕಚ್ಚುವುದಿಲ್ಲ, ಕುಟುಕುವುದಿಲ್ಲ. ಮೈಮೇಲೆ ಜಜ್ಜಿದರೆ ಅದರ ರಸದಲ್ಲಿರುವ ಪೆಡೆರಿನ್ ಚರ್ಮ ಸುಡುತ್ತದೆ. ಸುಟ್ಟದ್ದು ಕಾಣುವುದು ಒಂದು ದಿನದ ಮೇಲೆ.

ಈ ಒಂದು ದಿನದ ಲೆಕ್ಕವೇ ಜೇಡವನ್ನು ಬಿಡುಗಡೆ ಮಾಡಿದ್ದು. ಜೇಡ ಕಂಡದ್ದು ರಾತ್ರಿ ಹತ್ತಕ್ಕೆ, ಗುಳ್ಳೆ ಬೆಳಗ್ಗೆ ಆರಕ್ಕೆ. ಎಂಟು ತಾಸಿನಲ್ಲಿ ಪೆಡೆರಿನ್ ಗುಳ್ಳೆ ಹೀಗೆ ಮಾಗುವುದಿಲ್ಲ. ಹಾಗಾಗಿ ಹುಳ ಜಜ್ಜಿದ್ದು ಅದರ ಹಿಂದಿನ ರಾತ್ರಿ, ಜೇಡವನ್ನು ಯಾರೂ ನೋಡುವ ಮೊದಲು. ತೊಟ್ಟಿಲ ಬಟ್ಟೆ ಝಾಡಿಸಿದಾಗ ಅಂಥ ಎರಡು ಒಣಗಿದ ಹುಳ ಉದುರಿದವು. ಇನ್ನು ಜೇಡದ ಉಚ್ಚೆಯ ವಿಚಾರ: ಜೇಡ ಹೊರಹಾಕುವುದು ಗ್ವಾನಿನ್ ಇರುವ ಬೆಳ್ಳಗಿನ ಹಿಕ್ಕೆ. ಗೋಡೆಗೆ ಕಲೆಯಾದೀತು, ಚರ್ಮಕ್ಕೆ ಗುಳ್ಳೆ ಬರಲಾರದು. ಊರಲ್ಲಿ ಜೇಡದ ಹೆಸರಿಗೆ ಬರೆಯುವ ಗುಳ್ಳೆಗಳಲ್ಲಿ ಪೆಡೆರಸ್‌ನದು ಒಂದು ಪಾಲು, ಸರ್ಪಸುತ್ತಿನದು ಇನ್ನೊಂದು, ಕೀವಿನ ಬೊಕ್ಕೆಯದು ಮತ್ತೊಂದು.

ಮೈಮೇಲೆ ಆ ಹುಳ ಕಂಡರೆ ಊದಿ ಹಾರಿಸಬೇಕು, ಇಲ್ಲವೇ ಕಾಗದದ ಮೇಲೆ ಹತ್ತಿಸಿಕೊಳ್ಳಬೇಕು, ಹೊಡೆಯಬಾರದು. ಜಜ್ಜಿಹೋದರೆ ಕೂಡಲೇ ಸೋಪಿನಲ್ಲಿ ತೊಳೆಯಬೇಕು, ಆ ಕೈ ಕಣ್ಣಿಗೆ ಹೋಗಬಾರದು. ಈ ಕೂಸಿನ ಗಾಯ ಹತ್ತು ದಿನಕ್ಕೆ ಒಣಗಿತು. ಸುಣ್ಣ ಬಿದ್ದಲ್ಲಿ ಮಾತ್ರ ಕಂದು ಕಲೆ ಬಹುದಿನ ಉಳಿಯಿತು.

ಡಬ್ಬಿಯಲ್ಲಿ ಸಿಕ್ಕಿದ್ದು

ಕೂಸನ್ನು ತವರುಮನೆಗೆ ಕಳಿಸಿ, ಮನೆ ಶುಚಿಮಾಡುವ ಎಂಟು ದಿನದಲ್ಲಿ ಕಾಲೇಜಿನ ಪ್ರಾಣಿಶಾಸ್ತ್ರ ಉಪನ್ಯಾಸಕರೊಬ್ಬರು ಬಂದರು. ಅವರ ಮೊದಲ ಷರತ್ತು: ಹೆಸರು ಹೇಳುವ ಮೊದಲು ಹಿಡಿಯಬೇಕು. ಬಾಯಿ ಅಗಲವಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಮತ್ತು ಹಳೆ ಕ್ಯಾಲೆಂಡರಿನ ದಪ್ಪ ಹಾಳೆ ಸಾಕು. ಡಬ್ಬಿಯ ಬಾಯಿ ಜೇಡದ ಕಾಲುಗಳಿಗಿಂತ ಅಗಲವಿರಬೇಕು, ಇಲ್ಲದಿದ್ದರೆ ಕಾಲು ತುಂಡಾಗುತ್ತವೆ. ಎದುರಿನಿಂದ ನಿಧಾನ ಹೋಗಿ ಗೋಡೆಗೆ ಕವುಚಿ, ಹಾಳೆಯನ್ನು ಗೋಡೆಗೆ ಒತ್ತಿಕೊಂಡೇ ಕೆಳಗಿನಿಂದ ಜಾರಿಸಬೇಕು. ಆಮೇಲೆ ಮೂರು ಫೋಟೋ: ಮೇಲಿನಿಂದ, ಡಬ್ಬಿಯ ತಳದಿಂದ ಹೊಟ್ಟೆಯ ಭಾಗ, ಎದುರಿನಿಂದ ಕಣ್ಣು. ಪಕ್ಕಕ್ಕೆ ಅಳತೆಗೆಂದು 10 ರೂಪಾಯಿ ನಾಣ್ಯ. ಅದರ ಅಗಲ 27 ಮಿಮೀ. ಹೆದರಿದವರ ಕಣ್ಣಿಗೆ ಜೇಡ ಯಾವಾಗಲೂ ಎರಡರಷ್ಟು ಕಾಣುತ್ತದೆ, ನಾಣ್ಯಕ್ಕೆ ಹಾಗಾಗುವುದಿಲ್ಲ.

ಬಾಗಿಲ ಚೌಕಟ್ಟಿನ ದೊಡ್ಡ ಜೇಡದ ಮೈ ನಾಣ್ಯಕ್ಕಿಂತ ತುಸು ಚಿಕ್ಕದು, ಕಾಲು ಚಾಚಿದರೆ 10 ಸೆಂಮೀ. ಚಪ್ಪಟೆ ಮೈ, ಏಡಿಯಂತೆ ಪಕ್ಕಕ್ಕೆ ಮಡಿದ ಕಾಲು, ನಾಲ್ಕು ನಾಲ್ಕರ ಎರಡು ಸಾಲಿನಲ್ಲಿ ಎಂಟು ಕಣ್ಣು, ಕಣ್ಣಿನ ಕೆಳಗೆ ಮೀಸೆಯಂತೆ ಒಂದು ತಿಳಿ ಪಟ್ಟಿ. ಹೆಟೆರೊಪೋಡ ವೆನಟೋರಿಯ, ಹೆಣ್ಣು. ‘ನಾಣ್ಯ’ ಅದರ ಮೊಟ್ಟೆಯ ಚೀಲ. ಬಲೆ ನೇಯುವ ಜೇಡವಲ್ಲ ಇದು. ನೇಕಾರರ ಓಣಿಗೆ ನೇಯಲಾರದ ಜೇಡವೇ ಬಂದು ಕೂತಿತ್ತು ಎಂದು ಅಜ್ಜ ಆಮೇಲೆ ನಕ್ಕರಂತೆ. ರಾತ್ರಿ ಓಡಿ ಬೇಟೆಯಾಡುತ್ತದೆ, ಮುಖ್ಯ ಆಹಾರ ಜಿರಳೆ. ಮುಷ್ಟಿಯಲ್ಲಿ ಹಿಡಿದರೆ, ಅದರಲ್ಲೂ ಮೊಟ್ಟೆ ಹೊತ್ತಾಗ, ಕಚ್ಚುತ್ತದೆ. ಕಚ್ಚಿದಲ್ಲಿ ನೋವು, ತುಸು ಊತ, ಅಷ್ಟೇ.

ಜಂತಿಯ ಮೂಲೆಗಳ ಕೆದರಿದ ಬಲೆಯಲ್ಲಿ ಸತ್ತು ತೂಗುತ್ತಿದ್ದವು ಕ್ರಾಸೊಪ್ರೈಜ ಲಿಯೋನಿ. ಕೂದಲಿನಂಥ ಕಾಲು, ಹಿಂಬದಿ ಮೂಲೆ ಕೊರೆದಂತಿರುವ ಬೂದು ಹೊಟ್ಟೆ. ಬದುಕಿದ್ದಾಗ ಬಲೆ ಮುಟ್ಟಿದರೆ ಗರಗರ ನಡುಗುತ್ತದೆ. ಸೊಳ್ಳೆ ತಿನ್ನುತ್ತದೆ, ಕೂಸಿಗೆ ಏನೂ ಮಾಡದು. ಕಿಟಕಿಯ ಚೌಕಟ್ಟಿನಲ್ಲಿ ಒಂದು ಜಿಗಿಯುವ ಜೇಡ, ಪ್ಲೆಕ್ಸಿಪ್ಪಸ್: 1 ಸೆಂಮೀ, ಎದುರಿಗೆ ಕಾರಿನ ಹೆಡ್‌ಲೈಟಿನಂಥ ಎರಡು ದೊಡ್ಡ ಕಣ್ಣು, ಬೆರಳು ಆಡಿಸಿದರೆ ತಿರುಗಿ ನೋಡುತ್ತದೆ. ನಾಲ್ಕು ವರ್ಷದ ಹುಡುಗ ಇದನ್ನು ಬಿಟ್ಟುಕೊಡಲು ಒಪ್ಪಲಿಲ್ಲ.

ತಡೆದು ನೋಡಬೇಕಾಗಿ ಬಂದದ್ದು ಹಿತ್ತಲಿನ ನೀರಿನ ಬ್ಯಾರಲ್ಲಿನ ಅಡಿ ಸಿಕ್ಕ ಬಟಾಣಿ ಗಾತ್ರದ ಕಂದು ಜೇಡ. ಗುಂಡು ಹೊಟ್ಟೆ, ಸಿಕ್ಕುಸಿಕ್ಕಾದ ಗಟ್ಟಿ ಎಳೆ. ಲ್ಯಾಟ್ರೊಡೆಕ್ಟಸ್ (‘ಬ್ಲ್ಯಾಕ್ ವಿಡೋ’) ಕುಲದ ಜೇಡಗಳು ಭಾರತದಲ್ಲಿ ದಾಖಲಾಗಿವೆ, ಚಿಕ್ಕ ಮಕ್ಕಳ ಮಟ್ಟಿಗೆ ನಿಜವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಜೇಡ ಅವೇ. ಕಚ್ಚಿದರೆ ಸ್ನಾಯು ಸೆಳೆತ, ಹೊಟ್ಟೆ ಬಿಗಿತ, ಬೆವರು. ಹೊಟ್ಟೆಯ ಅಡಿಯಲ್ಲಿ ಕೆಂಪು ಅಥವಾ ಕಿತ್ತಳೆ ಬಣ್ಣದ ಡಮರುವಿನಂಥ ಗುರುತು ಇದ್ದರೆ ಅದು. ಅದರ ಕಂದು ಜಾತಿಯಾದರೆ ಮೊಟ್ಟೆಯ ಉಂಡೆಯ ಮೇಲೆಲ್ಲ ಸಣ್ಣ ಮೊನೆಗಳಿರುತ್ತವೆ. ಇಲ್ಲಿ ತಳದ ಫೋಟೋದಲ್ಲಿ ಡಮರು ಇರಲಿಲ್ಲ. ಮೊಟ್ಟೆಯ ಚೀಲ ನುಣುಪು, ಹನಿಯ ಆಕಾರ, ಕಾಗದದಂಥ ಕಂದು. ಸಾಮಾನ್ಯ ಮನೆಜೇಡ. ಮೇಲಿನಿಂದ ಮಾತ್ರ ನೋಡಿದ್ದರೆ ಎರಡೂ ಒಂದೇ ಎನಿಸುತ್ತಿತ್ತು. ಆರು ಕಣ್ಣು ಎರಡೆರಡರ ಮೂರು ಜೋಡಿಯಾಗಿದ್ದು, ಬೆನ್ನ ಮೇಲೆ ಪಿಟೀಲಿನ ಗುರುತಿರುವ, ಕಚ್ಚಿದಲ್ಲಿ ಹುಣ್ಣು ಮಾಡಬಲ್ಲ ಲಾಕ್ಸೊಸಿಲೀಸ್ ಜೇಡಕ್ಕಾಗಿಯೂ ಜೋಳದ ಚೀಲದ ಸಂದಿ ನೋಡಿದರು, ಸಿಗಲಿಲ್ಲ. ಘಟ್ಟದ ಅಂಚಿನ ಕಲಘಟಗಿ, ಅಳ್ನಾವರದ ಕಡೆಯ ಮನೆಗಳಾದರೆ ಮಳೆಗಾಲದಲ್ಲಿ ಬಿಲದಿಂದ ಹೊರಬರುವ ರೋಮದ ದೊಡ್ಡ ಜೇಡವನ್ನೂ ಈ ಪಟ್ಟಿಗೆ ಸೇರಿಸಬೇಕಾಗುತ್ತದೆ.

ಪ್ರತಿಯೊಂದಕ್ಕೂ ಉಪನ್ಯಾಸಕರು ಕೇಳಿದ ಪ್ರಶ್ನೆ "ವಿಷ ಐತೋ ಇಲ್ಲೋ" ಎಂಬುದಲ್ಲ. ವಿಷ ಹೆಚ್ಚುಕಡಿಮೆ ಎಲ್ಲ ಜೇಡಕ್ಕೂ ಇದೆ. ಕೂಸು ಇರುವಲ್ಲಿಗೆ ಇದು ಬರುತ್ತದೆಯೋ, ಅಥವಾ ಮೂಲೆಯಲ್ಲೇ ಇರುತ್ತದೆಯೋ? ಬಂದರೂ ಹಲ್ಲು ಚರ್ಮಕ್ಕೆ ಇಳಿಯುತ್ತದೆಯೋ? ಇಳಿದರೆ 9 ಕೆಜಿ ಮೈಗೆ ಆ ವಿಷ ಏನು ಮಾಡೀತು? ಹೀಗೆ ಕೇಳಿದಾಗ ಮನೆಯ ಯಾವ ಜೇಡವೂ ಮೂರನೆಯ ಪ್ರಶ್ನೆಯಲ್ಲಿ ಅಪಾಯ ತೋರಲಿಲ್ಲ. ಆದರೂ ದೊಡ್ಡ ಜೇಡವನ್ನು ಮನೆಯಲ್ಲಿ ಬಿಡಲಿಲ್ಲ. ಅಂಬೆಗಾಲಿನ ಕೂಸು ಅದನ್ನು ಹಿಡಿಯುವ ಸಂಭವವಿತ್ತು, ಮೊಟ್ಟೆ ಒಡೆದರೆ ನೂರಾರು ಮರಿ ಬರುತ್ತಿದ್ದವು, ಅದಕ್ಕಿಂತ ಹೆಚ್ಚಾಗಿ ಸೊಸೆ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಅಮಾಯಕ ಜೇಡವೆಂದು ಪಾಠ ಹೇಳಿ ಆಕೆಯ ಭಯವನ್ನು ತಳ್ಳಿಹಾಕಿದ್ದರೆ ಎಣ್ಣಿಯ ಬಾಟಲಿ ಮತ್ತೆ ಹೊರಬರುತ್ತಿತ್ತು. ಡಬ್ಬಿಯಲ್ಲೇ ಒಯ್ದು ಹಿತ್ತಲಾಚೆಯ ಬೇವಿನ ಮರದ ಹತ್ತಿರ ಬಿಟ್ಟರು.

ಕುಣಿಯೊಳಗೆ

ಹಗಲಿನ ತಪಾಸಣೆ ಅಲ್ಲಿಗೆ ಮುಗಿಯಬಹುದಿತ್ತು. ಉಪನ್ಯಾಸಕರು ಜೋಳದ ಚೀಲ ಸರಿಸಿ ಮಗ್ಗದ ಕುಣಿ ನೋಡಿ, ರಾತ್ರಿ ಬರುತ್ತೇನೆ ಎಂದರು. ತಂದದ್ದು ನೋಟು ಪರೀಕ್ಷಿಸುವ ಅತಿನೇರಳೆ ಟಾರ್ಚು. ದೀಪ ಆರಿಸಿ ಹಾಕಿದರೆ ಚೇಳಿನ ಮೈ ಹಸಿರು-ನೀಲಿಯಾಗಿ ಹೊಳೆಯುತ್ತದೆ. (ಆಗತಾನೆ ಪೊರೆ ಬಿಟ್ಟ ಚೇಳು ಹೊಳೆಯುವುದಿಲ್ಲ, ಆದ್ದರಿಂದ ಒಂದು ರಾತ್ರಿ ನೋಡಿ ಇಲ್ಲವೆನ್ನುವಂತಿಲ್ಲ.) ಕುಣಿಯ ಹಲಗೆಯಡಿ ಒಂದು, ಹಿತ್ತಲಿನ ಇಟ್ಟಿಗೆ ರಾಶಿಯಲ್ಲಿ ಇನ್ನೊಂದು. ಮುಂದಿನ ಇಕ್ಕಳಗೈ ಸಪೂರ, ದಪ್ಪ ಬಾಲ, ಕೆಂಪು-ಕಂದು ಮೈ: ಹೊಟ್ಟೆಂಟೊಟ್ಟ ತಾಮುಲಸ್, ಕೆಂಪು ಚೇಳು. ದಪ್ಪ ಇಕ್ಕಳಗೈಯ ದೊಡ್ಡ ಕರಿ ಚೇಳು ನೋಡಲು ಭಯಂಕರ, ಆದರೆ ಮಕ್ಕಳ ಜೀವಕ್ಕೆ ಎರವಾಗುವುದು ಈ ಸಪೂರ ಇಕ್ಕಳಗೈಯದು.

ಮೂರನೆಯ ಪ್ರಶ್ನೆಯ ತೂಕ ಇಲ್ಲಿ ಗೊತ್ತಾಗುತ್ತದೆ. ಒಂದೇ ಕುಟುಕಿನ ವಿಷ 54 ಕೆಜಿ ತೂಕದವರಿಗಿಂತ 9 ಕೆಜಿ ಕೂಸಿಗೆ ಕಿಲೋ ಲೆಕ್ಕದಲ್ಲಿ ಆರು ಪಟ್ಟು. ಕೆಂಪು ಚೇಳು ಕುಟುಕಿದರೆ ವಾಂತಿ, ಧಾರಾಕಾರ ಬೆವರು, ಜೊಲ್ಲು, ತಣ್ಣಗಾದ ಕೈಕಾಲು. ಮುಂದೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಪಕ್ಕದ ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಪ್ರಜೋಸಿನ್ ಮಾತ್ರೆಯ ಚಿಕಿತ್ಸೆ ರೂಢಿಗೆ ತಂದ ಮೇಲೆ ಸಾವು ಬಹಳ ಇಳಿಯಿತು, ಆದರೆ ಅದು ಬೇಗ ಆಸ್ಪತ್ರೆ ಸೇರಿದವರಿಗೆ. ಈ ಲಕ್ಷಣಗಳಲ್ಲಿ ವಾಂತಿ, ಬೆವರು, ಜೊಲ್ಲು ಮೂರೂ ಅಂದು ರಾತ್ರಿ ಕೂಸಿಗೆ ಎಣ್ಣಿಯಿಂದ ಬಂದವೇ. ಎರಡಕ್ಕೂ ಚಿಕಿತ್ಸೆ ಬೇರೆ. ಪಾಪೆ ನೋಡದೆ, ಬಾಟಲಿ ಕೇಳದೆ, ಆಮೇಲೆ ಚೇಳು ಸಿಕ್ಕಿದ್ದರೆ ಗೊಂದಲ ಎಷ್ಟಾಗುತ್ತಿತ್ತೆಂದು ಊಹಿಸಬಹುದು.

ಎರಡನ್ನೂ ಉದ್ದ ಇಕ್ಕಳದಿಂದ ಎತ್ತಿ ನುಣುಪು ಬದಿಯ ಪ್ಲಾಸ್ಟಿಕ್ ಬಕೀಟಿಗೆ ಹಾಕಿದರು. ಅದರ ಗೋಡೆ ಚೇಳು ಹತ್ತಲಾರದು.

ಬದಲಾದದ್ದು

ಕೌದಿ ಎರಡನ್ನು ಬೇರೆಯಾಗಿ ಮೂರು ಸಲ ಸೋಪು ಹಾಕಿ ಒಗೆದು ಬಿಸಿಲಿಗೆ ಹಾಕಿದರು, ತೊಟ್ಟಿಲ ಹಾಸಿಗೆಯನ್ನು ಎಸೆದರು, ಹಗ್ಗ ಹೊಸದು. ನೆಲ, ಗೋಡೆಯ ಕೆಳಭಾಗವನ್ನು ಸೋಪಿನ ನೀರಿನಲ್ಲಿ ಒರೆಸಿದರು, ಕಿಟಕಿ ಎಂಟು ದಿನ ತೆರೆದೇ ಇತ್ತು. ತೊಟ್ಟಿಲು ಆರ್‌ಸಿಸಿ ಕೋಣೆಗೆ ಹೋಯಿತು, ಗೋಡೆಯಿಂದ ಎರಡು ಅಡಿ ದೂರ, ಮೇಲೆ ಕೆಳಗೆ ಮುಚ್ಚುವ ಸೊಳ್ಳೆಪರದೆಯೊಳಗೆ. ಬಾಗಿಲ ಅಡಿ ರಬ್ಬರ್ ಪಟ್ಟಿ. ತೊಟ್ಟಿಲ ಮೇಲೆ ಬಿಳಿ ದೀಪವಿಲ್ಲ, ಅಂಗಳದಲ್ಲಿ ಹಳದಿ ಬಲ್ಬು. ಜಿರಳೆಗೆ ಅಕ್ಕಿಕಾಳಿನಷ್ಟು ಜೆಲ್ಲನ್ನು ಕೂಸಿನ ಕೈಗೆಟುಕದ ಸಂದಿಗಳಲ್ಲಿ ಮಾತ್ರ ಇಟ್ಟರು. ಬೋರಿಕ್ ಆಸಿಡ್ ಹಿಟ್ಟಿನ ಉಂಡೆ ಬೇಡವೆಂದರು: ಸಕ್ಕರೆ ಬೆರೆಸಿದ ಉಂಡೆ ನೆಲದ ಮೇಲಿದ್ದರೆ ಮೊದಲು ಸಿಗುವುದು ಜಿರಳೆಗಲ್ಲ. ಮಗ್ಗದ ಕುಣಿಯನ್ನು ಮುಚ್ಚಿಸುವ ಮಾತಿಗೆ ಅಜ್ಜ ಒಪ್ಪಲಿಲ್ಲ. ಚೀಲ ತೆಗೆಸಿ, ಕುಣಿಯ ಬದಿಗಳ ಬಿರುಕಿಗೆ ಗಾರೆ ಹಾಕಿಸಿದರು. ಎಣ್ಣಿಯ ಬಾಟಲಿ ಹೊಲದ ಗುಡಿಸಲಿನ ಪೆಟ್ಟಿಗೆಗೆ ಹೋಗಿ ಕೀಲಿ ಬಿತ್ತು.

ಮೂರು ತಿಂಗಳಲ್ಲಿ ಮೂಲೆಯ ಬಲೆ ಜೇಡಗಳು ಪಡಸಾಲೆಗೆ ಮರಳಿದವು. ಅವನ್ನು ಅಲ್ಲಿ ಬಿಡುವುದು, ಕೂಸಿನ ಕೋಣೆಯಲ್ಲಿ ವಾರಕ್ಕೊಮ್ಮೆ ಉದ್ದ ಕಸಬರಿಗೆಯಿಂದ ತೆಗೆಯುವುದು ಎಂದು ಅತ್ತೆ-ಸೊಸೆ ಮಾತಾಡಿಕೊಂಡಿದ್ದಾರೆ. ಡಿಸೆಂಬರಿನಲ್ಲಿ ಮತ್ತೊಂದು ದೊಡ್ಡ ಜೇಡ ಬಂದಾಗ ಸೊಸೆಯೇ ಡಬ್ಬಿ ಕವುಚಿದರು, ಹಾಳೆ ಜಾರಿಸಲು ಮಾತ್ರ ಗಂಡನನ್ನು ಕರೆದರು. ಚೇಳಿನ ವಿಷಯ ಅಷ್ಟು ಹಗುರಾಗಿಲ್ಲ. ಅತಿನೇರಳೆ ಟಾರ್ಚಿನಲ್ಲಿ ಇನ್ನೆರಡು ಕಂಡವು, ಎರಡೂ ಪಕ್ಕದ ಮನೆಯ ಜೋಡುಗೋಡೆಯ ಬಿರುಕಿನ ಹತ್ತಿರ. ಆ ಮನೆ ಖಾಲಿ. ಮಾಲೀಕರು ಪವರ್‌ಲೂಮ್ ಕೆಲಸಕ್ಕೆ ಇಚಲಕರಂಜಿಗೆ ಹೋಗಿ ವರ್ಷಗಳಾದವು. ಈ ಬದಿಯ ಬಿರುಕಿಗೆ ಗಾರೆ ಬಿದ್ದಿದೆ, ಆ ಬದಿಯದು ಹಾಗೇ ಇದೆ. ಅವರು ಯುಗಾದಿಗೆ ಊರಿಗೆ ಬಂದಾಗ ಬಾಗಿಲು ತೆರೆಸಬೇಕೆಂದು ಮಾತಾಗಿದೆ. ಅಲ್ಲಿಯವರೆಗೆ ಕೂಸನ್ನು ಮಲಗಿಸುವ ಮೊದಲು ದೀಪ ಆರಿಸಿ ಟಾರ್ಚು ಹಿಡಿದು ಕೋಣೆ ಸುತ್ತುವ ಕೆಲಸ ನಾಲ್ಕು ವರ್ಷದ ಹುಡುಗ ಮತ್ತು ಅವನಪ್ಪನದು.